ಮೊಬೈಲ್ ಆಟದ ಅರ್ಹತಾ ಸುತ್ತು ಊರಿಗೆ ಬರಲಿ, ಎಂಟ್ರಿ ಫೀಸಿನ ಜೂಜು ಹೊರಗಿರಲಿ

ನಮ್ಮ ಊರುಗಳಲ್ಲಿ ಪಂದ್ಯಾಟಕ್ಕೆ ಬರ ಇಲ್ಲ. ಮಳೆ ನಿಂತು ಗದ್ದೆ ಒಣಗಿದರೆ ಸಾಕು, ಉಳ್ಳಾಲದಿಂದ ಕುಂದಾಪುರದವರೆಗೆ, ಆಚೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯವರೆಗೆ ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ, ಅಂಡರ್‌ಆರ್ಮ್ ಕ್ರಿಕೆಟ್ ಶುರುವಾಗುತ್ತದೆ. ಟ್ರೋಫಿಗೆ ಗಲ್ಫ್‌ನಲ್ಲಿರುವ ಊರವರ ದುಡ್ಡು, ಮೈದಾನಕ್ಕೆ ಯಾರದೋ ಗದ್ದೆ, ಮೈಕ್ ಹಿಡಿಯಲು ಊರಿನದ್ದೇ ಒಬ್ಬ ವಾಚಾಳಿ. ಇಂಥದ್ದನ್ನು ನಡೆಸುವುದು ಹೇಗೆ ಅಂತ ನಮ್ಮ ಹುಡುಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ಈಗ ಕೆಲವು ವರ್ಷಗಳಿಂದ ಮೈದಾನವೂ ಇಲ್ಲದ, ಲೈಟೂ ಬೇಡದ ಇನ್ನೊಂದು ಪಂದ್ಯಾಟ ನಡೆಯುತ್ತಿದೆ. ರಾತ್ರಿ ಊಟ ಆದ ಮೇಲೆ ನಾಲ್ಕು ಹುಡುಗರು ನಾಲ್ಕು ಮನೆಗಳಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೇ ತಂಡವಾಗಿ ಆಡುತ್ತಾರೆ. ಉಮ್ಮನ ಕಣ್ಣಿಗೆ ಅದು "ಯಾವಾಗ ನೋಡಿದ್ರೂ ಮೊಬೈಲು". ಹುಡುಗನ ಲೆಕ್ಕದಲ್ಲಿ ಅದು ಮ್ಯಾಚು. ಇಬ್ಬರ ಮಾತೂ ಸುಳ್ಳಲ್ಲ. ಈ ಜಗಳ ಹೊಸತೂ ಅಲ್ಲ, ನಮ್ಮ ಕಾಲದಲ್ಲಿ ಕ್ರಿಕೆಟ್ ಬ್ಯಾಟಿನ ವಿಷಯದಲ್ಲೂ ಇದೇ ನಡೆದದ್ದು.

ಹೊಸತು ಏನೆಂದರೆ ಈ ಆಟಕ್ಕೆ ಈಗ ಎರಡು ದಾರಿ ತೆರೆದಿದೆ. ಒಂದು ದಾರಿ ಏಷ್ಯನ್ ಗೇಮ್ಸ್‌ನವರೆಗೆ ಹೋಗುತ್ತದೆ. ಇನ್ನೊಂದು ಪೊಲೀಸ್ ಸ್ಟೇಷನ್‌ವರೆಗೂ ಹೋಗಬಹುದು. ಎರಡೂ ಕವಲೊಡೆಯುವುದು ಒಂದೇ ಜಾಗದಲ್ಲಿ, ಅಂದರೆ ಊರಿನ ಮಟ್ಟದ ಅರ್ಹತಾ ಪಂದ್ಯಾಟದಲ್ಲಿ. ಅದನ್ನು ಯಾರು ನಡೆಸುತ್ತಾರೆ, ಯಾವ ದುಡ್ಡಿನಲ್ಲಿ ನಡೆಸುತ್ತಾರೆ ಎಂಬುದು ಇವತ್ತು ಮನೆ ಮನೆಯಲ್ಲೂ ಮಾತಾಡಬೇಕಾದ ವಿಷಯ.

ಕಾನೂನು ಎಳೆದ ಗೆರೆ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್‌ನಂಥ ದುಡ್ಡಿನ ಆಟಗಳಿಗೆ ನಿಷೇಧ ಬಂತು ಎಂಬ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಆದರೆ ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಬೇರೆ ಕೋಣೆಯಲ್ಲಿಟ್ಟು ಕ್ರೀಡೆ ಎಂದು ಗುರುತಿಸಿತು. ಈ ಭಾಗ ಅಷ್ಟಾಗಿ ಚರ್ಚೆಯಾಗಲಿಲ್ಲ.

ಈ ಗುರುತಿಸುವಿಕೆಗೆ ಹಿನ್ನೆಲೆ ಉಂಟು. 2022ರ ಡಿಸೆಂಬರ್‌ನಲ್ಲೇ ಕೇಂದ್ರ ಸರಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗವಾಗಿ ಒಪ್ಪಿ ಕ್ರೀಡಾ ಸಚಿವಾಲಯದ ಕೈಗೆ ಒಪ್ಪಿಸಿತ್ತು. 2025ರ ಮೇ ತಿಂಗಳಲ್ಲಿ ಬಿಹಾರದಲ್ಲಿ ನಡೆದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿ ಕಾಣಿಸಿಕೊಂಡಿತು.

ಹಾಗಾದರೆ ಹೊಸ ಕಾಯ್ದೆಯ ಪ್ರಕಾರ ಯಾವುದು ಇ-ಸ್ಪೋರ್ಟ್ಸ್? ಮೊದಲೇ ಬರೆದಿಟ್ಟ ನಿಯಮ ಇರಬೇಕು. ಸೋಲು ಗೆಲುವು ಆಟಗಾರನ ಕೈಚಳಕ, ಬುದ್ಧಿ, ತಂತ್ರದಿಂದಲೇ ತೀರ್ಮಾನ ಆಗಬೇಕು. 2025ರದ್ದೇ ಆದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಅಡಿಯಲ್ಲಿ ಮಾನ್ಯತೆ, ಗೇಮಿಂಗ್ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಸ್ಪರ್ಧೆಗೆ ಸೇರಲು ಅಥವಾ ಆಡಳಿತದ ಖರ್ಚಿಗೆ ಮಾತ್ರ ನೋಂದಣಿ ಶುಲ್ಕ ತೆಗೆದುಕೊಳ್ಳಬಹುದು, ಗೆದ್ದವರಿಗೆ ಬಹುಮಾನ ಕೊಡಬಹುದು. ಆದರೆ ಆಡುವವನಾಗಲಿ ನೋಡುವವನಾಗಲಿ ಯಾರೂ ಬಾಜಿ ಕಟ್ಟುವಂತಿಲ್ಲ.

ದುಡ್ಡಿನ ಆಟ ಯಾವುದು ಎಂಬ ವ್ಯಾಖ್ಯೆ ಇನ್ನೂ ನೇರ. ಗೆದ್ದರೆ ಲಾಭ ಬರುತ್ತದೆ ಎಂಬ ನಿರೀಕ್ಷೆಯಲ್ಲಿ ಶುಲ್ಕ ಕೊಟ್ಟು ಅಥವಾ ಪಣ ಇಟ್ಟು ಆಡುವ ಆನ್‌ಲೈನ್ ಆಟ. ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. "ನಮ್ಮದು ಸ್ಕಿಲ್ ಗೇಮ್" ಎಂಬ ಹಳೆಯ ವಾದಕ್ಕೆ ಈ ಕಾಯ್ದೆ ಜಾಗ ಇಟ್ಟಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ಇಂಥದ್ದೇ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದ್ದು ನೆನಪಿರಬಹುದು. ಆಗ ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಿದ್ದೇ ಆಕ್ಷೇಪವಾಗಿತ್ತು. ಕೇಂದ್ರದ ಹೊಸ ಕಾಯ್ದೆಯೂ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಯಿತು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಆದರೆ ಕೇಸು ಇದೆ ಎಂಬ ಧೈರ್ಯದಲ್ಲಿ ಊರಿನ ಹುಡುಗ ದುಡ್ಡಿಗೆ ಕೈ ಹಾಕುವ ಹಾಗಿಲ್ಲ.

ಯಾಕೆಂದರೆ ಶಿಕ್ಷೆ ಸಣ್ಣದಲ್ಲ. ದುಡ್ಡಿನ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಥವಾ ಎರಡೂ. ಹಣದ ವ್ಯವಹಾರಕ್ಕೆ ಅನುವು ಮಾಡಿಕೊಟ್ಟವರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಬರೀ ಆಡಿದವನಿಗೆ ಶಿಕ್ಷೆ ಇಲ್ಲ.

ಕಸ್ಟಮ್ ರೂಮಿನ ಲೆಕ್ಕ

ಈಗ ನಮ್ಮ ಹುಡುಗರು ಮಾಡುತ್ತಿರುವುದನ್ನು ಈ ಗೆರೆಯ ಪಕ್ಕ ಇಟ್ಟು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಪೋಸ್ಟರ್ ಬರುತ್ತದೆ: ಇಂತಿಷ್ಟು ಗಂಟೆಗೆ ಬಿಜಿಎಂಐ ಕಸ್ಟಮ್ ರೂಮ್, ತಂಡಕ್ಕೆ ಇಷ್ಟು ಎಂಟ್ರಿ, ಗೆದ್ದವರಿಗೆ ಇಷ್ಟು. ಕೆಳಗೆ ಒಂದು ಕ್ಯೂಆರ್ ಕೋಡ್. ಉದಾಹರಣೆಗೆ ತಂಡಕ್ಕೆ 200 ರೂಪಾಯಿ ಎಂದಿಟ್ಟುಕೊಳ್ಳಿ. 16 ತಂಡ ಸೇರಿದರೆ 3,200 ರೂಪಾಯಿ. ಮೊದಲ ಸ್ಥಾನಕ್ಕೆ 2,000, ಎರಡನೆಯದಕ್ಕೆ 800, ಉಳಿದ 400 ರೂಮ್ ಹಾಕಿದವನಿಗೆ.

ಹುಡುಗನಿಗೆ ಇದು ಕ್ರಿಕೆಟ್ ಪಂದ್ಯಾಟದ ಎಂಟ್ರಿ ಫೀಸಿನ ಹಾಗೆಯೇ ಕಾಣುತ್ತದೆ. ಆದರೆ ಕಾಯ್ದೆಯ ಕಣ್ಣಲ್ಲಿ ಹದಿನಾರು ತಂಡದ ದುಡ್ಡು ಒಟ್ಟಾಗಿ, ಗೆದ್ದವನ ಜೇಬಿಗೆ ಹೋಗುತ್ತಿದೆ. ನೋಂದಣಿ ಇಲ್ಲ, ಬರೆದ ನಿಯಮ ಇಲ್ಲ. ಇ-ಸ್ಪೋರ್ಟ್ಸ್ ಎಂಬ ಕೋಣೆಗೆ ಅದಕ್ಕೆ ಪ್ರವೇಶ ಇಲ್ಲದಿದ್ದರೆ ಉಳಿಯುವುದು ಇನ್ನೊಂದೇ ಕೋಣೆ. ಆಟದೊಳಗಿನ ನಾಣ್ಯವನ್ನೇ ಪಣ ಇಟ್ಟರೆ ಬಚಾವ್ ಎಂದುಕೊಂಡವರೂ ಇದ್ದಾರೆ. ದುಡ್ಡಿಗೆ ಸಮಾನವಾದ ಟೋಕನ್, ಕಾಯಿನ್‌ಗಳನ್ನೂ ಕಾಯ್ದೆ ಪಣ ಎಂದೇ ಲೆಕ್ಕ ಹಿಡಿಯುತ್ತದೆ.

ಇನ್ನೊಂದು ಸಂಗತಿ. ಆ ಕ್ಯೂಆರ್ ಕೋಡ್ ಹೆಚ್ಚಾಗಿ ಹುಡುಗನದ್ದಲ್ಲ, ಮನೆಯವರದ್ದು. ಉಮ್ಮನ ಖಾತೆಗೋ, ಉಪ್ಪ ಗಲ್ಫ್‌ನಿಂದ ದುಡ್ಡು ಹಾಕುವ ಖಾತೆಗೋ ಅಪರಿಚಿತರಿಂದ ಸಣ್ಣ ಸಣ್ಣ ಮೊತ್ತ ಬಂದು ಬೀಳುತ್ತಿರುತ್ತದೆ. ನಾಳೆ ಬ್ಯಾಂಕಿನವರೋ ಪೊಲೀಸರೋ ಕೇಳಿದರೆ ಉತ್ತರ ಹೇಳಬೇಕಾದವರು ಖಾತೆಯ ಹೆಸರಿನವರು. ಮನೆಯಲ್ಲಿ ಇವತ್ತು ರಾತ್ರಿಯೇ ಕೇಳಬಹುದಾದ ಪ್ರಶ್ನೆ ಇದು: "ಮೋನೇ, ರೂಮ್ ಹಾಕಿ ಯಾರ ಕೈಯಿಂದಾದ್ರೂ ದುಡ್ಡು ತಗೊಳ್ತಿದ್ದೀಯಾ?"

ಎಲ್ಲರ ದುಡ್ಡು ಒಟ್ಟು ಹಾಕಿ ಗೆದ್ದವನಿಗೆ ಕೊಡುವುದರ ಬಗ್ಗೆ ನಮ್ಮ ಹಿರಿಯರು ಮೊದಲಿನಿಂದಲೂ ಪ್ರಶ್ನೆ ಎತ್ತುತ್ತಿದ್ದರು. ಆ ಮಸ್ಅಲವನ್ನು ಹೇಳಬೇಕಾದವರು ಉಲಮಾಗಳು, ಈ ಲೇಖನ ಅಲ್ಲ. ಆದರೆ ಹಿರಿಯರು ಎಲ್ಲಿ ಅನುಮಾನ ಪಡುತ್ತಿದ್ದರೋ ದೇಶದ ಕಾನೂನು ಸುಮಾರಾಗಿ ಅಲ್ಲಿಯೇ ಬಂದು ನಿಂತಿದೆ ಎಂಬುದನ್ನಂತೂ ಗಮನಿಸಬೇಕು. ಎರಡೂ ಕಡೆಯಿಂದ ಸುರಕ್ಷಿತವಾದ ದಾರಿ ಒಂದೇ: ಆಡುವವನಿಂದ ಪೈಸೆ ತೆಗೆದುಕೊಳ್ಳಬೇಡಿ, ಬಹುಮಾನವನ್ನು ಹೊರಗಿನ ಪ್ರಾಯೋಜಕರಿಂದ ತನ್ನಿ. ಆಟಗಾರ ಏನನ್ನೂ ಪಣ ಇಡದಿದ್ದರೆ ದುಡ್ಡಿನ ಆಟದ ವ್ಯಾಖ್ಯೆ ಅವನ ಹತ್ತಿರ ಬರುವುದಿಲ್ಲ.

ಮೇಲಿನ ಮೆಟ್ಟಿಲಿನ ಕಥೆ

ಇಷ್ಟೆಲ್ಲ ತಲೆಬಿಸಿ ಯಾಕೆ, ಬಂದ್ ಮಾಡಿಬಿಡಿ ಎನ್ನುವವರಿಗೆ ಒಂದು ಉದಾಹರಣೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. ಅಲ್ಲಿ ಹಾರ್ತ್‌ಸ್ಟೋನ್ ಎಂಬ ಕಾರ್ಡ್ ಆಟದಲ್ಲಿ ಭಾರತಕ್ಕೆ ಕಂಚು ತಂದವರು ತೀರ್ಥ್ ಮೆಹ್ತಾ. ಅವರ ಊರು ಮುಂಬೈ ಅಲ್ಲ, ಬೆಂಗಳೂರೂ ಅಲ್ಲ, ಗುಜರಾತಿನ ಕಛ್‌ನ ಭುಜ್. ಜಕಾರ್ತಕ್ಕೆ ಅವರನ್ನು ಮುಟ್ಟಿಸಿದ್ದು ದಕ್ಷಿಣ ಏಷ್ಯಾ ವಲಯದ ಅರ್ಹತಾ ಸುತ್ತು. ಆ ಮೆಟ್ಟಿಲು ಇಲ್ಲದಿದ್ದರೆ ಭುಜ್‌ನ ಹುಡುಗ ಭುಜ್‌ನಲ್ಲೇ ಆಡಿಕೊಂಡಿರುತ್ತಿದ್ದ.

ಪ್ರದರ್ಶನ ಕ್ರೀಡೆಯ ಪದಕ ಪಟ್ಟಿಗೆ ಸೇರುವುದಿಲ್ಲ. ಆದರೆ 2023ರಲ್ಲಿ ನಡೆದ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಆಟಗಳಿಗೆ ನಿಜವಾದ ಪದಕವೇ ಇತ್ತು. ಅದಕ್ಕಾಗಿ 2022ರಲ್ಲಿ ಭಾರತೀಯ ಇ-ಸ್ಪೋರ್ಟ್ಸ್ ಫೆಡರೇಶನ್ ರಾಷ್ಟ್ರೀಯ ಅರ್ಹತಾ ಪಂದ್ಯಾಟ ನಡೆಸಿತು. ಅದೇ ಪಂದ್ಯಾಟದಿಂದ ಆಯ್ಕೆಯಾದ ಡೋಟಾ 2 ತಂಡ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿತು. ಲೀಗ್ ಆಫ್ ಲೆಜೆಂಡ್ಸ್ ತಂಡ ಮಧ್ಯ ಮತ್ತು ದಕ್ಷಿಣ ಏಷ್ಯಾ ವಲಯದಲ್ಲಿ ಮೊದಲ ಸ್ಥಾನ ಪಡೆದು ಹ್ಯಾಂಗ್‌ಝೌನಲ್ಲಿ ನೇರ ಕ್ವಾರ್ಟರ್ ಫೈನಲ್‌ಗೆ ಹೋಯಿತು, ಅಲ್ಲಿ ವಿಯೆಟ್ನಾಂ ಎದುರು ಸೋತಿತು. 2026ರ ಸೆಪ್ಟೆಂಬರ್‌ಗೆ ನಿಗದಿಯಾದ ಜಪಾನಿನ ಐಚಿ-ನಗೋಯಾ ಕೂಟದಲ್ಲಿ ಪದಕ ಸ್ಪರ್ಧೆಗಳ ಸಂಖ್ಯೆ 11ಕ್ಕೆ ಏರಿದೆ.

ಚೆಸ್ ಕೂಡ ಈ ಮನೆಗೆ ಬಂದಿದೆ. 2025ರಲ್ಲಿ ರಿಯಾದ್‌ನ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್‌ನಲ್ಲಿ ಮೊದಲ ಬಾರಿಗೆ ಚೆಸ್ ಆಡಿಸಿದರು. ಒಟ್ಟು 16 ಸೀಟು. 12 ಸೀಟು ಆನ್‌ಲೈನ್ ಪಂದ್ಯಾವಳಿಗಳ ಮೂಲಕ, ಉಳಿದ 4 ರಿಯಾದ್‌ನಲ್ಲೇ ನಡೆದ ಕೊನೆಯ ಅವಕಾಶದ ಸುತ್ತಿನ ಮೂಲಕ. ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದರು, ನಮ್ಮ ಅರ್ಜುನ್ ಎರಿಗೈಸಿ ಸೆಮಿಫೈನಲ್ ತಲುಪಿದರು. ಇ-ಸ್ಪೋರ್ಟ್ಸ್ ಎಂದರೆ ಬಂದೂಕಿನ ಆಟ ಮಾತ್ರ ಎಂದುಕೊಂಡವರು ಇದನ್ನು ನೆನಪಿಟ್ಟುಕೊಳ್ಳಬೇಕು. ಫುಟ್‌ಬಾಲ್, ಕಾರ್ ರೇಸ್, ಚೆಸ್ ಎಲ್ಲವೂ ಇದರಲ್ಲಿ ಉಂಟು. ಗುಂಡು ಹಾರಿಸುವ ಆಟ ಬೇಡ ಎನ್ನುವ ಮನೆಗೂ ಇಲ್ಲಿ ಆಯ್ಕೆ ಇದೆ.

ಈ ಎಲ್ಲ ಉದಾಹರಣೆಯಲ್ಲಿ ಒಂದು ಸಂಗತಿ ಸಮಾನ. ದೇಶದ ಮಟ್ಟ, ಖಂಡದ ಮಟ್ಟ, ವಿಶ್ವದ ಮಟ್ಟದ ಮೆಟ್ಟಿಲು ಗಟ್ಟಿ ಇದೆ. ಆದರೆ ಜಿಲ್ಲೆಯ ಮಟ್ಟದ ಮೆಟ್ಟಿಲು ಎಲ್ಲಿ? ಕಬಡ್ಡಿಗೆ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಸಾಲು ಇದೆ. ಇ-ಸ್ಪೋರ್ಟ್ಸ್‌ನಲ್ಲಿ ಮನೆಯ ಕೋಣೆಯಿಂದ ನೇರ ರಾಷ್ಟ್ರೀಯ ಆನ್‌ಲೈನ್ ಸುತ್ತಿಗೆ ಜಿಗಿಯಬೇಕು. ನಡುವೆ ಖಾಲಿ ಇರುವ ಆ ಜಾಗವನ್ನೇ 200 ರೂಪಾಯಿಯ ಕಸ್ಟಮ್ ರೂಮು ತುಂಬಿಕೊಂಡಿರುವುದು.

ಆಟಕ್ಕೆ ಯಜಮಾನ ಇದ್ದಾನೆ

ವಾಲಿಬಾಲ್ ಯಾರ ಸೊತ್ತೂ ಅಲ್ಲ. ನೆಟ್ ಕಟ್ಟಿದರೆ ಆಟ ಶುರು. ವಿಡಿಯೋ ಗೇಮ್ ಹಾಗಲ್ಲ, ಅದಕ್ಕೆ ಕಂಪೆನಿ ಎಂಬ ಯಜಮಾನ ಇದ್ದಾನೆ. ಆಟದ ಹೆಸರು, ಚಿತ್ರ, ಪ್ರಸಾರ ಎಲ್ಲದರ ಹಕ್ಕೂ ಅವನದ್ದೇ. ಅನೇಕ ಕಂಪೆನಿಗಳು ಸಣ್ಣ ಪಂದ್ಯಾಟಗಳಿಗೆಂದೇ ಮಾರ್ಗಸೂಚಿ ಪ್ರಕಟಿಸಿವೆ. ಬಹುಮಾನದ ಮಿತಿ, ಪ್ರಾಯೋಜಕರು ಯಾರಾಗಬಾರದು, ಹೆಸರನ್ನು ಹೇಗೆ ಬಳಸಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಪೋಸ್ಟರ್ ಪ್ರಿಂಟ್ ಮಾಡಿಸುವ ಮೊದಲು ಅದನ್ನು ಓದಬೇಕು.

ಯಜಮಾನನ ಆಟಕ್ಕೆ ಇನ್ನೊಂದು ಅಪಾಯವೂ ಉಂಟು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು. 2022ರ ಜುಲೈಯಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ನಾಲ್ಕು ವರ್ಷ ಬೆವರು ಸುರಿಸಿ ಒಂದೇ ಆಟ ಕಲಿತ ಹುಡುಗನಿಗೆ ನಡುವೆ ಎರಡು ಸಲ ನೆಲವೇ ಇಲ್ಲದಂತಾಯಿತು. ಕಬಡ್ಡಿ ಆಟಗಾರನಿಗೆ ಇಂಥ ಭಯ ಇಲ್ಲ. ಒಂದೇ ಆಟವನ್ನು ನಂಬಿ ಓದು ಬಿಡುವ ಹುಡುಗನಿಗೆ ಈ ತಾರೀಕುಗಳನ್ನು ತೋರಿಸಬೇಕು.

ದೊಡ್ಡವರ ವ್ಯವಹಾರವೂ ಇಷ್ಟೇ ಅಲುಗಾಡುವಂಥದ್ದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮತ್ತು ಸೌದಿ ಅರೇಬಿಯಾ 2024ರಲ್ಲಿ 12 ವರ್ಷದ ಒಪ್ಪಂದ ಮಾಡಿಕೊಂಡು ಒಲಿಂಪಿಕ್ ಇ-ಸ್ಪೋರ್ಟ್ಸ್ ಗೇಮ್ಸ್ ಘೋಷಿಸಿದವು. ಮೊದಲ ಕೂಟ 2025ರಲ್ಲಿ ಎಂದಿದ್ದದ್ದು 2027ಕ್ಕೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಇಬ್ಬರೂ ಪರಸ್ಪರ ಒಪ್ಪಿ ಆ ಸಂಬಂಧವನ್ನೇ ಮುಗಿಸಿಕೊಂಡರು. ಒಲಿಂಪಿಕ್ ಆಸೆ ತೋರಿಸಿ ಕೋಚಿಂಗ್ ಫೀಸು ಕೇಳುವವರು ಬಂದರೆ ಈ ಕಥೆ ನೆನಪಿಗೆ ಬರಲಿ.

ಗಲ್ಫ್‌ನಲ್ಲಿರುವ ಮಕ್ಕಳ ಪ್ರಶ್ನೆ

ಬ್ಯಾರಿ ಮನೆಗಳಿಗೆ ಮಾತ್ರ ಹೆಚ್ಚು ತಾಗುವ ಒಂದು ಗಂಟು ಇಲ್ಲಿದೆ. ದಮಾಮ್, ಜುಬೈಲ್, ದುಬೈ, ಮಸ್ಕತ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಯಾವ ವಲಯದವರು? ಕಂಪೆನಿ ನಡೆಸುವ ಲೀಗ್‌ಗಳು ಹೆಚ್ಚಾಗಿ ಕೇಳುವುದು ಎಲ್ಲಿ ವಾಸ, ಯಾವ ಸರ್ವರ್ ಎಂದು. ಅದರ ಪ್ರಕಾರ ಜುಬೈಲ್‌ನ ಹುಡುಗ ಮಧ್ಯಪ್ರಾಚ್ಯ ವಲಯದವನು. ದೇಶದ ತಂಡವಾಗಿ ಹೋಗುವ ಏಷ್ಯನ್ ಗೇಮ್ಸ್‌ನಲ್ಲಿ ಕೇಳುವುದು ಪೌರತ್ವ. ಅಲ್ಲಿ ಅವನು ಭಾರತದವನು.

ಬಿಜಿಎಂಐ ಭಾರತಕ್ಕೆಂದೇ ಮಾಡಿದ ಆವೃತ್ತಿ, ಗಲ್ಫ್‌ನಲ್ಲಿ ಸಿಗುವುದು ಪಬ್‌ಜಿ ಮೊಬೈಲ್. ರಜೆಗೆ ಊರಿಗೆ ಬಂದ ಹುಡುಗ ಅಣ್ಣನ ಮಗನ ತಂಡಕ್ಕೆ ಸೇರಿ ಅರ್ಹತಾ ಸುತ್ತು ಆಡಿ, ರಜೆ ಮುಗಿದು ವಾಪಸ್ ಹೋದರೆ ಮುಂದಿನ ಸುತ್ತಿನಲ್ಲಿ ತಂಡವೇ ಅನರ್ಹವಾಗಬಹುದು. ಆದ್ದರಿಂದ ಹೆಸರು ಕೊಡುವ ಮೊದಲು ನೋಡಬೇಕಾದ್ದು ಮೂರು: ವಾಸದ ನಿಯಮ, ಪೌರತ್ವದ ನಿಯಮ, ಪಂದ್ಯಾಟ ಮುಗಿಯುವ ತಾರೀಕು. ಇಕಾಮ ಇರುವ ಹುಡುಗ ಅಲ್ಲಿನ ಮುಕ್ತ ಸುತ್ತುಗಳಲ್ಲಿ ಆಡಬಹುದೇ ಎಂಬುದು ಒಂದೊಂದು ಪಂದ್ಯಾಟಕ್ಕೆ ಒಂದೊಂದು ಥರ. ನಿಯಮಪುಸ್ತಕದಲ್ಲಿ ಬರೆದಿರುತ್ತದೆ, ಗೆಳೆಯ ಹೇಳಿದ ಮಾತು ಸಾಲದು.

ಊರಲ್ಲಿ ನಡೆಸುವುದಾದರೆ

ಈಗ ಕೆಲಸದ ಮಾತು. ಒಂದು ಯುವಕ ಸಂಘವೋ ಕಾಲೇಜೋ ಎರಡು ದಿನದ ಅರ್ಹತಾ ಪಂದ್ಯಾಟ ಮಾಡಬಹುದೇ? ಖಂಡಿತ ಮಾಡಬಹುದು.

ಬಿಜಿಎಂಐ ಮಾದರಿಯ ಆಟದಲ್ಲಿ ನಾಕೌಟ್ ಆಗುವುದಿಲ್ಲ. ನಾಲ್ವರ 16 ತಂಡ, ಅಂದರೆ 64 ಜನ ಒಟ್ಟಿಗೇ ಕಣಕ್ಕೆ ಇಳಿಯುತ್ತಾರೆ. ಚಾಲ್ತಿಯಲ್ಲಿರುವ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ 10 ಅಂಕ, ನಂತರ 6, 5, 4, 3, 2, 1, 1, ಎದುರಾಳಿಯೊಬ್ಬನನ್ನು ಹೊರಹಾಕಿದ್ದಕ್ಕೆ ತಲಾ 1 ಅಂಕ. 64 ತಂಡ ಬಂದರೆ ನಾಲ್ಕು ಗುಂಪು ಮಾಡಿ. ಗುಂಪಿಗೆ ಮೂರು ಪಂದ್ಯ, ಒಟ್ಟು 12. ಒಂದಕ್ಕೆ ಅರ್ಧ ಗಂಟೆ ಹಿಡಿದರೆ ಆರು ಗಂಟೆ, ನಡುವಿನ ತಯಾರಿ ಬೇರೆ. ಪ್ರತಿ ಗುಂಪಿನ ಮೊದಲ ನಾಲ್ಕು ತಂಡ ಮರುದಿನ ಫೈನಲ್‌ಗೆ, ಅಲ್ಲಿ ಆರು ಪಂದ್ಯ. ಒಂದೇ ಪಂದ್ಯದಲ್ಲಿ ತೀರ್ಮಾನ ಮಾಡಿದರೆ ಅದೃಷ್ಟ ಗೆಲ್ಲುತ್ತದೆ, ಆರು ಪಂದ್ಯ ಆಡಿಸಿದರೆ ಆಟ ಗೆಲ್ಲುತ್ತದೆ.

ಇ-ಫುಟ್‌ಬಾಲ್ ಇನ್ನೂ ಸುಲಭ. ಒಬ್ಬನಿಗೆ ಒಬ್ಬ. 32 ಹುಡುಗರಿದ್ದರೆ ನಾಕೌಟ್‌ಗೆ 31 ಪಂದ್ಯ ಸಾಕು. ಒಂದು ಸೋಲಿಗೆ ಮನೆಗೆ ಕಳಿಸುವುದು ಬೇಡ ಎಂದಾದರೆ ಎರಡು ಸೋಲಿನ ಪದ್ಧತಿ ಇಡಿ, ಪಂದ್ಯ ಸುಮಾರು ಇಮ್ಮಡಿ ಆಗುತ್ತದೆ.

ಮುಖ್ಯ ತಲೆನೋವು ನೆಟ್ ಮತ್ತು ಕರೆಂಟ್. ಹಾಲ್‌ನ ಒಂದೇ ವೈಫೈಗೆ 64 ಮೊಬೈಲ್ ಜೋಡಿಸಿದರೆ ಎಲ್ಲರದ್ದೂ ನಿಂತಲ್ಲೇ ನಿಲ್ಲುತ್ತದೆ. ನಾಲ್ಕಾರು ಕಡೆ ಬೇರೆ ಬೇರೆ ರೂಟರ್ ಬೇಕು, ಕೇಬಲ್‌ನಲ್ಲಿ ಬರುವ ಫೈಬರ್ ಸಂಪರ್ಕ ಬೇಕು. ಮಳೆಗಾಲದಲ್ಲಿ ಮೆಸ್ಕಾಂ ನಂಬಿ ತಾರೀಕು ಇಡುವುದು ಬೇಡ, ಜನರೇಟರ್ ಇರಲಿ. ನಡುವೆ ನೆಟ್ ಹೋದರೆ ಏನು, ಪಂದ್ಯ ಮತ್ತೆ ಆಡಿಸುವುದೋ ಇಲ್ಲವೋ ಎಂಬುದನ್ನು ಆಟ ಶುರುವಾಗುವ ಮೊದಲೇ ಬರೆದಿಡಬೇಕು. ಕ್ರಿಕೆಟ್‌ನಲ್ಲಿ ನೋಬಾಲ್‌ಗೆ ನಡೆಯುವ ಗಲಾಟೆ ಇಲ್ಲಿ ನೆಟ್‌ಗೆ ನಡೆಯುತ್ತದೆ.

ಟ್ಯಾಬ್ಲೆಟ್‌ನಲ್ಲಿ ಆಡುವವನಿಗೆ ಅಗಲವಾದ ನೋಟ ಸಿಗುತ್ತದೆ, ಕಂಪ್ಯೂಟರ್‌ನ ಎಮ್ಯುಲೇಟರ್‌ನಲ್ಲಿ ಆಡುವವನಿಗೆ ಕೀಬೋರ್ಡ್, ಮೌಸ್ ಸಿಗುತ್ತದೆ. ಮೊಬೈಲ್ ಪಂದ್ಯಾಟದಲ್ಲಿ ಎರಡೂ ಬೇಡ. ಎಲ್ಲರೂ ಒಂದೇ ಹಾಲ್‌ನಲ್ಲಿ ಕೂತು ಆಡಿದರೆ ಕಳ್ಳ ಸಾಫ್ಟ್‌ವೇರ್‌ನ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಆನ್‌ಲೈನ್ ರೂಮಿಗಿಂತ ಊರಿನ ಹಾಲ್ ಯಾಕೆ ಒಳ್ಳೆಯದು ಎಂಬುದಕ್ಕೆ ಇದೊಂದೇ ಕಾರಣ ಸಾಕು.

ಇನ್ನು ಮಕ್ಕಳ ವಿಷಯ. 18 ತುಂಬದವರಿಗೆ ಮನೆಯವರ ಸಹಿ ಇಲ್ಲದೆ ಪ್ರವೇಶ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರನ್ನು ಮಕ್ಕಳೆಂದೇ ನೋಡುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಆಧಾರ್ ಫೋಟೊ ತರಿಸಿಕೊಳ್ಳುವ ಚಾಳಿ ಬಿಡಬೇಕು. ವಯಸ್ಸಿನ ದಾಖಲೆಯನ್ನು ಸ್ಥಳದಲ್ಲೇ ನೋಡಿ ವಾಪಸ್ ಕೊಟ್ಟರೆ ಆಯಿತು. ಪಂದ್ಯಾಟ ಹಗಲು ಹೊತ್ತಿನಲ್ಲೇ ನಡೆಯಲಿ, ನಮಾಝ್‌ಗೆ ಬಿಡುವು ಇರಲಿ, ಎಸೆಸೆಲ್ಸಿ, ಪಿಯುಸಿ ಪರೀಕ್ಷೆಯ ತಿಂಗಳುಗಳು ಬೇಡ. ರಾತ್ರಿ ಹನ್ನೆರಡರ ರೂಮಿನಿಂದ ಹುಡುಗನನ್ನು ಹಗಲಿಗೆ ತಂದರೆ ಅದೇ ಒಂದು ಲಾಭ.

ಹುಡುಗಿಯರನ್ನೂ ಮರೆಯಬಾರದು. ನಮ್ಮ ಮನೆಗಳ ಹೆಣ್ಣುಮಕ್ಕಳೂ ಚೆಸ್, ಫುಟ್‌ಬಾಲ್, ರೇಸ್ ಆಟ ಆಡುತ್ತಾರೆ. ಈ ಆಟದಲ್ಲಿ ಮೈಕಟ್ಟಿನ ಲೆಕ್ಕ ಇಲ್ಲ. ವೇದಿಕೆ, ಫೋಟೊ, ಲೈವ್ ಪ್ರಸಾರ ಬೇಡ ಎನ್ನುವವರಿಗೆ ಮಹಿಳಾ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಪ್ರತ್ಯೇಕ ಸುತ್ತು ಇಟ್ಟು, ಅಡ್ಡ ಹೆಸರಲ್ಲೇ ಆಡಿಸಬಹುದು. ಫಲಿತಾಂಶ ಮಾತ್ರ ಒಂದೇ ಪಟ್ಟಿಯಲ್ಲಿರಲಿ.

ಸೋತವನಿಗೇ ಹೆಚ್ಚು ಲಾಭ

ಅರ್ಹತಾ ಸುತ್ತು ಅಂದರೆ ಗೆದ್ದವನನ್ನು ಮೇಲೆ ಕಳಿಸುವ ವ್ಯವಸ್ಥೆ ಎಂದು ಎಲ್ಲರೂ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. 64 ತಂಡದಲ್ಲಿ 256 ಹುಡುಗರು. ಒಂದು ತಂಡ ಮುಂದೆ ಹೋದರೆ ನಾಲ್ವರು. ಉಳಿದ 252 ಮಂದಿ ಮನೆಗೆ. ಹಾಗಾದರೆ ಈ ಪಂದ್ಯಾಟ ಹೆಚ್ಚಾಗಿ ಯಾರಿಗಾಗಿ ಎಂದರೆ ಆ 252 ಮಂದಿಗಾಗಿ.

ಇವತ್ತು ಎಷ್ಟೋ ಹುಡುಗರು "ನಾನು ಪ್ರೊ ಪ್ಲೇಯರ್ ಆಗ್ತೇನೆ" ಎಂಬ ಒಂದೇ ಮಾತಿನ ಮೇಲೆ ವರ್ಷಗಳನ್ನು ಕಳೆಯುತ್ತಿದ್ದಾರೆ. ಆಗುತ್ತಾನೋ ಇಲ್ಲವೋ ಹೇಳುವವರಿಲ್ಲ. ಉಪ್ಪನಿಗೆ ಆಟ ಗೊತ್ತಿಲ್ಲ, ಅವರು ಬೇಡ ಎಂದರೆ ಅದು ಬರೀ ಬೈಗುಳವಾಗಿ ಕೇಳುತ್ತದೆ. ಗೆಳೆಯರು ಹೊಗಳುತ್ತಾರೆ. ಕಸ್ಟಮ್ ರೂಮ್ ನಡೆಸುವವನಿಗೆ ಅವನ 200 ರೂಪಾಯಿ ಸಾಕು, ನಿಜ ಹೇಳುವ ಅಗತ್ಯ ಇಲ್ಲ. ಹೀಗೆ ಹುಡುಗ ಪಿಯುಸಿ ದಾಟಿ, ಡಿಗ್ರಿಯೂ ಅರ್ಧ ಆಗಿ, ತಾನು ಎಲ್ಲಿ ನಿಂತಿದ್ದೇನೆ ಎಂಬುದೇ ಗೊತ್ತಿಲ್ಲದೆ ಉಳಿಯುತ್ತಾನೆ.

ಸರಿಯಾದ ಅರ್ಹತಾ ಸುತ್ತು ಆ ಉತ್ತರವನ್ನು ಎರಡು ದಿನದಲ್ಲಿ, ಎಲ್ಲರ ಎದುರು, ಅಂಕಪಟ್ಟಿಯಲ್ಲಿ ಕೊಡುತ್ತದೆ. ಜಿಲ್ಲೆಯಲ್ಲೇ ನಲವತ್ತನೆಯ ಸ್ಥಾನ ಬಂದವನಿಗೆ ಮನೆಯವರು ಉಪದೇಶ ಮಾಡಬೇಕಾಗಿಲ್ಲ. ಅವನೇ ಆಟವನ್ನು ಆಟದ ಜಾಗದಲ್ಲಿಟ್ಟು ಪುಸ್ತಕ ತೆಗೆದಾನು. ಮೂರನೆಯ ಸ್ಥಾನ ಬಂದವನ ಮನೆಯವರಿಗೂ ಆಗ ಒಂದು ಆಧಾರ ಸಿಗುತ್ತದೆ: "ಇವನಲ್ಲಿ ಏನೋ ಉಂಟು, ದಿನಕ್ಕೆ ಇಷ್ಟು ಗಂಟೆ ಅಂತ ಕೊಟ್ಟು ನೋಡುವ." ಬಿಜಿಎಂಐ ತಾನೇ 18ರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿದೆ. ಬೇರೆಯವರ ಫೋನ್ ನಂಬರ್ ಹಾಕಿ ಆ ಮಿತಿ ದಾಟುವುದು ಹುಡುಗರಿಗೆ ಗೊತ್ತಿದೆ, ಅದನ್ನು ಮನೆಯವರೂ ತಿಳಿದಿರಲಿ.

ಇದರ ಜೊತೆಗೆ ಆಡದವನಿಗೂ ಕೆಲಸ ಉಂಟು. ರೆಫರಿ, ಅಂಕ ಲೆಕ್ಕ, ನೆಟ್‌ವರ್ಕ್, ಪ್ರಸಾರ, ಕಾಮೆಂಟರಿ. ಊರಿನ ವಾಲಿಬಾಲ್‌ಗೆ ಮೈಕ್ ಹಿಡಿಯುವ ಹುಡುಗ ಕನ್ನಡದಲ್ಲೋ ಬ್ಯಾರಿ ಭಾಷೆಯಲ್ಲೋ ಇದಕ್ಕೂ ಕಾಮೆಂಟರಿ ಹೇಳಿದರೆ ಅದೂ ಒಂದು ಕಲಿಕೆಯೇ.

ಯಾರು ಮುಂದೆ ಬರಬೇಕು

ಮೊದಲು ಜಿಲ್ಲಾಡಳಿತ ಮತ್ತು ಕ್ರೀಡಾ ಇಲಾಖೆ. ಇ-ಸ್ಪೋರ್ಟ್ಸ್ ಕ್ರೀಡೆ ಎಂದು ಕಾನೂನೇ ಹೇಳಿದ ಮೇಲೆ ತಾಲೂಕು, ಜಿಲ್ಲಾ ಮಟ್ಟದ ಸುತ್ತು ಎಲ್ಲಿ ಎಂದು ಕೇಳುವ ಹಕ್ಕು ನಮಗಿದೆ. ಶಾಸಕರ ಬಳಿ ಮೈದಾನಕ್ಕೆ ಮನವಿ ಕೊಡುವಾಗ ಇದಕ್ಕೂ ಒಂದು ಸಾಲು ಸೇರಿಸಬಹುದು.

ಎರಡನೆಯದು ಸಮುದಾಯದ ವಿದ್ಯಾಸಂಸ್ಥೆಗಳು. ಕಂಪ್ಯೂಟರ್ ಲ್ಯಾಬ್, ಹಾಲ್, ಫೈಬರ್ ಸಂಪರ್ಕ, ಶಿಸ್ತು ಕಾಯುವ ಶಿಕ್ಷಕರು ಎಲ್ಲವೂ ಇರುವುದು ಅವರಲ್ಲೇ. ವರ್ಷಕ್ಕೆ ಎರಡು ದಿನ ಬಾಗಿಲು ತೆರೆದರೆ ಸಾಕು.

ಮೂರನೆಯದು ಗಲ್ಫ್‌ನಲ್ಲಿರುವ ಊರವರ ಸಂಘಟನೆಗಳು. ಕ್ರಿಕೆಟ್ ಟ್ರೋಫಿಗೆ ಕೊಡುವ ದುಡ್ಡಿನ ಒಂದು ಪಾಲು ಇಲ್ಲಿಗೂ ಬಂದರೆ ಹುಡುಗರಿಂದ ಎಂಟ್ರಿ ಫೀಸು ಎತ್ತುವ ಅಗತ್ಯವೇ ಬೀಳುವುದಿಲ್ಲ. ನಗದಿನ ಬದಲು ಒಳ್ಳೆಯ ಹೆಡ್‌ಸೆಟ್ಟೋ, ಕಾಲೇಜು ಫೀಸಿಗೆ ಒಂದು ಚೆಕ್ಕೋ ಬಹುಮಾನವಾದರೆ ಇನ್ನೂ ಚೆಂದ. ಪ್ರಾಯೋಜಕರ ಪಟ್ಟಿಯಲ್ಲಿ ಬೆಟ್ಟಿಂಗ್ ಆ್ಯಪ್‌ಗಳ ನೆರಳೂ ಬೀಳದಂತೆ ನೋಡಿಕೊಳ್ಳಬೇಕು, ಅವು ಬೇರೆ ಬೇರೆ ಹೆಸರಲ್ಲಿ ಬರುತ್ತವೆ.

ಮತ್ತೆ ಸಂಘದವರಿಗೆ ಒಂದು ಮಾತು. ಬಹುಮಾನ ಘೋಷಿಸುವ ಮೊದಲು ಪರಿಚಯದ ವಕೀಲರೊಬ್ಬರಿಗೆ ಪೋಸ್ಟರ್ ತೋರಿಸಿ, ಪ್ರಾಧಿಕಾರದ ನಿಯಮ ಈಗ ಏನು ಕೇಳುತ್ತದೆ ಎಂದು ಕೇಳಿಕೊಳ್ಳಿ. ಠಾಣೆಗೆ ಒಂದು ಮಾಹಿತಿ ಪತ್ರ ಕೊಡಿ. ವಾಲಿಬಾಲ್ ಪಂದ್ಯಾಟಕ್ಕೆ ಮೈಕ್ ಪರ್ಮಿಶನ್ ತೆಗೆದುಕೊಳ್ಳುವವರಿಗೆ ಇದು ದೊಡ್ಡ ವಿಷಯ ಅಲ್ಲ.

ಹುಡುಗರು ಆಡುವುದನ್ನು ಬೈದು ನಿಲ್ಲಿಸಲು ಆಗಲಿಲ್ಲ, ಇನ್ನು ಮುಂದೆಯೂ ಆಗಲಿಕ್ಕಿಲ್ಲ. ನಮ್ಮ ಕೈಯಲ್ಲಿರುವುದು ಅವರು ಎಲ್ಲಿ, ಯಾರ ಕಣ್ಣೆದುರು, ಯಾರ ದುಡ್ಡಿನಲ್ಲಿ ಆಡುತ್ತಾರೆ ಎಂಬುದು ಮಾತ್ರ. ಈ ಸಲ ಮಳೆ ನಿಂತು ಸಂಘದ ಮೀಟಿಂಗ್ ಸೇರಿದಾಗ ವಾಲಿಬಾಲ್, ಕಬಡ್ಡಿಯ ಕೆಳಗೆ ಮೂರನೆಯ ಸಾಲಾಗಿ ಇದನ್ನೂ ಬರೆದುಕೊಳ್ಳಿ. ಎದುರಲ್ಲಿ ದೊಡ್ಡ ಅಕ್ಷರದಲ್ಲಿ ಇರಲಿ: ಪ್ರವೇಶ ಉಚಿತ.